ಹಿಂಬದಿಯ ಆನೆ

ನನ್ನ ಗಂಡನಿಗೆ ಒಂದು ಚಾಳಿ ಇದೆ. ಯಾವ ವಸ್ತು ಕೈಗೆ ಬಂದರೂ ಮೊದಲು ತಿರುಗಿಸಿ ಅದರ ಬೆನ್ನು ನೋಡುತ್ತಾರೆ. ಹೆಣ್ಣು ನೋಡಲು ಬಂದ ದಿನವೂ ನಾನು ಚಹಾ ಕೊಟ್ಟು ಒಳಗೆ ತಿರುಗುವವರೆಗೆ ತಲೆ ಎತ್ತಲಿಲ್ಲವಂತೆ. ಆಮೇಲೆ ಅವರ ಅಮ್ಮನ ಕಿವಿಯಲ್ಲಿ, ಜಡೆ ಚೆನ್ನಾಗಿದೆ ಅಂದರಂತೆ. ಮುಖ ಯಾರು ಬೇಕಾದರೂ ನೆಟ್ಟಗೆ ಮಾಡುತ್ತಾರೆ ಕರೀಮುನ್ನೀಸಾ, ಕೆಲಸಗಾರ ಯಾರು ಅಂತ ಬೆನ್ನು ಹೇಳುತ್ತದೆ ಎಂದು ನನಗೆ ಹೇಳುತ್ತಲೇ ಇರುತ್ತಾರೆ. ಈ ಮಾತನ್ನು ಮೂವತ್ತನಾಲ್ಕು ವರ್ಷ ಕೇಳಿದ್ದೇನೆ. ಕೇಳಿ ಕೇಳಿ ಬೇಜಾರಾಗಿ, ಅನ್ನ ಬಡಿಸುವಾಗ ತಟ್ಟೆ ತಿರುಗಿಸಿ ತೋರಿಸಿ ಅಣಕಿಸಿದ್ದೂ ಉಂಟು.

ನಮ್ಮದು ಚನ್ನಪಟ್ಟಣ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ನನ್ನ ಗಂಡ ರಸೂಲ್ ಲೇತ್ ಮೇಲೆ ಮೆತ್ತನೆಯ ಬಿಳಿ ಹಾಲೆ ಮರ ಕಡೆದು ಗೊಂಬೆ ಮಾಡುತ್ತಾರೆ. ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿಯುವುದು, ತಾಳೆಗರಿಯಿಂದ ತಿಕ್ಕಿ ಹೊಳಪು ತರುವುದು, ಕಣ್ಣು ಮೂಗು ಬರೆಯುವುದು ನನ್ನ ಕೆಲಸ. ಮನೆಮಾತು ಉರ್ದು, ಆದರೆ ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮನೆಗೆ ಬರುವ ಕಾಗದ ಪತ್ರ ಓದಿ ಹೇಳುವುದೂ ನಾನೇ. ಅದೇ ನನಗೆ ಮುಳುವಾಯಿತು.

ಸೆಪ್ಟೆಂಬರಿನಲ್ಲಿ ರಾಮನಗರದ ಒಂದು ಸರ್ಕಾರಿ ಕಚೇರಿಯಿಂದ ಆರ್ಡರು ಬಂತು. ರಾಜ್ಯೋತ್ಸವದ ದಿನ ಇಪ್ಪತ್ತು ಜನರಿಗೆ ಸನ್ಮಾನ, ಅವರಿಗೆ ಕೊಡಲು ಗೇಣುದ್ದದ ಮರದ ಸ್ತಂಭ, ಅದರ ತುದಿಯಲ್ಲಿ ರಾಷ್ಟ್ರಲಾಂಛನ. ಲೆಟರ್‌ಹೆಡ್ಡು, ಸೀಲು, ಸಹಿ ಎಲ್ಲ ಇದ್ದ ಪತ್ರ. ಸರ್ಕಾರದ ಮುದ್ರೆಯನ್ನು ಹಾಗೆಲ್ಲ ಯಾರು ಬೇಕಾದರೂ ಮಾಡುವಂತಿಲ್ಲ, ಅದಕ್ಕೆ ಕಾನೂನಿದೆ ಎಂದು ಕೇಳಿದ್ದರಿಂದ ನಾನು ಪತ್ರವನ್ನು ಎರಡು ಸಲ ಓದಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಟ್ಟೆ. ಅದರಲ್ಲಿ ಒಂದು ಸಾಲಿತ್ತು: ‘ಲಗತ್ತಿಸಿರುವ ಚಿತ್ರದಲ್ಲಿರುವಂತೆಯೇ ತಯಾರಿಸತಕ್ಕದ್ದು.’ ಓದಿ ಹೇಳಿದೆ. ಇಬ್ಬರೂ ಅದನ್ನು ಅಲ್ಲಿಗೇ ಮರೆತೆವು.

ಚಿತ್ರ ಎದುರಿಗಿಟ್ಟುಕೊಂಡು ರಸೂಲ್ ಎರಡು ದಿನ ಸುಮ್ಮನೆ ಕೂತರು. ಮೇಲಿನ ಸಿಂಹಗಳದ್ದು ತೊಂದರೆ ಇರಲಿಲ್ಲ. ಇರುವುದು ನಾಲ್ಕು, ಕಾಣುವುದು ಮೂರು ಅಂತ ಈಗ ಮಕ್ಕಳಿಗೂ ಗೊತ್ತು. ಅವರ ತಲೆ ಕೊರೆದದ್ದು ಸಿಂಹಗಳ ಕಾಲ ಕೆಳಗಿನ ದುಂಡು ಪಟ್ಟಿ. ಚಿತ್ರದಲ್ಲಿ ಪಟ್ಟಿಯ ನಡುವೆ ಚಕ್ರ, ಎಡಕ್ಕೆ ಓಡುವ ಕುದುರೆ, ಬಲಕ್ಕೆ ಗೂಳಿ. ಅಷ್ಟೇ.

“ಹಿಂದೆ ಏನಿದೆ?” ಅಂದರು.

“ಹಿಂದೆ ಗೋಡೆ ಇರುತ್ತೆ. ಯಾರು ನೋಡ್ತಾರೆ?” ಅಂದೆ.

“ಇದು ದುಂಡಗಿರೋ ವಸ್ತು. ದುಂಡಗಿರೋದಕ್ಕೆ ಹಿಂದೆ ಮುಂದೆ ಅಂತ ಇರುತ್ತಾ? ಅರ್ಧ ಖಾಲಿ ಬಿಟ್ಟರೆ ಕೆಲಸ ಗೊತ್ತಿಲ್ಲದವನು ಮಾಡಿದ್ದು ಅಂತಾರೆ.”

ಪಕ್ಕದ ಬೀದಿಯ ಮುನಿಶಾಮಯ್ಯ ಮೇಷ್ಟ್ರನ್ನು ಕೇಳಿಕೊಂಡು ಬಂದರು. ಮೇಷ್ಟ್ರು ಡ್ರಾಯಿಂಗ್ ಟೀಚರಾಗಿ ರಿಟೈರಾದವರು, ನಮ್ಮ ಮಗಳು ಅಸ್ರಾಗೂ ಪಾಠ ಹೇಳಿದವರು. ಕಾಶಿಗೆ ಹೋದಾಗ ಸಾರನಾಥದಲ್ಲಿ ಈ ಲಾಂಛನಕ್ಕೆ ಮೂಲವಾದ ಕಲ್ಲನ್ನು ಕಣ್ಣಾರೆ ನೋಡಿ ಬಂದಿದ್ದರು. ಅವರೇ ನಮ್ಮ ಮನೆಗೆ ಬಂದು ಕಾಗದದ ಮೇಲೆ ಬರೆದು ತೋರಿಸಿದರು. “ಹಿಂದ್ಗಡೆ ಆನೆ ಒಂದು, ಸಿಂಹ ಒಂದು ಐತೆ ಕಣಪ್ಪ ರಸೂಲು. ನಡುವೆ ಇನ್ನೊಂದು ಚಕ್ರ. ಜನ ಮುಂದ್ಗಡೆ ಫೋಟೋ ತೆಗಿಸ್ಕೊಂಡು ಹೋಯ್ತಾರೆ, ನಾನು ಸುತ್ತ ಬಂದು ನೋಡ್ದೆ.”

ತಮ್ಮಂಥವನೇ ಇನ್ನೊಬ್ಬ ಸಿಕ್ಕಿದನೆಂದು ನನ್ನ ಗಂಡನಿಗೆ ಎಲ್ಲಿಲ್ಲದ ಖುಷಿ. ಇಪ್ಪತ್ತರ ಹಿಂದೆಯೂ ಆನೆ, ಸಿಂಹ ಕೆತ್ತಿದರು.

ಕೆಳಗೆ ನಾಗರಿ ಅಕ್ಷರದಲ್ಲಿ ಧ್ಯೇಯವಾಕ್ಯ ಬರೆಯಬೇಕಿತ್ತು. ಅದು ನನ್ನ ಪಾಲಿಗೆ. ನನಗೆ ಆ ಲಿಪಿ ಬಾರದು. ರಂಗೋಲಿ ನೋಡಿ ರಂಗೋಲಿ ಹಾಕುವ ಹಾಗೆ ಗೆರೆ ನೋಡಿ ಗೆರೆ ಎಳೆದೆ. ಅರ್ಥ ಏನು ಅಂತ ಮೇಷ್ಟ್ರನ್ನು ಕೇಳಿದೆ. ಸತ್ಯಮೇವ ಜಯತೇ, ಅಂದರೆ ಸತ್ಯವೇ ಗೆಲ್ಲುತ್ತದೆ ಅಂದರು.

“ಯಾವತ್ತು ಗೆಲ್ಲುತ್ತೆ ಅಂತ ಬರೆದಿಲ್ವಾ ಮೇಷ್ಟ್ರೇ?” ಅಂದೆ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಇಪ್ಪತ್ತು ಸ್ತಂಭಕ್ಕೆ ಇಪ್ಪತ್ತು ಸಲ ಬರೆದೆ.

ಆನೆ ಚೆನ್ನಾಗಿ ಬಂದಿತ್ತು, ಸುಳ್ಳು ಹೇಳಬಾರದು. ಹೆಬ್ಬೆರಳಿನ ಉಗುರಿನಷ್ಟು ಆನೆ, ಸೊಂಡಿಲು ಕೆಳಗೆ ಬಿಟ್ಟು, ಒಂದು ಕಾಲು ಮುಂದಿಟ್ಟು ನಡೆಯುವ ಆನೆ. ಅಸ್ರಾಳನ್ನು ಮಾಗಡಿಗೆ ಕೊಟ್ಟಿದ್ದೇವೆ. ಆ ವಾರ ಬಂದವಳು ಒಂದು ಸ್ತಂಭವನ್ನು ಅಪ್ಪನ ಅಂಗೈ ಮೇಲಿಟ್ಟು ವಿಡಿಯೋ ಮಾಡಿ ಗೆಳತಿಯರಿಗೆ ಕಳಿಸಿದಳು. ಅದರಲ್ಲಿ ಇವರು ಮೆಲ್ಲಗೆ ತಿರುಗಿಸುತ್ತಾ ಹೇಳುತ್ತಾರೆ: “ಮುಂದೆ ಕುದುರೆ, ಬಸವ. ಇದು ಎಲ್ಲಾರೂ ನೋಡಿರೋದು. ಈಗ ಹಿಂದೆ ನೋಡಿ. ಇಲ್ಲಿ ಐತೆ ನಮ್ಮ ಆನೆ!”

ನಮ್ಮ ಆನೆ. ನಮ್ಮೂರಲ್ಲಿ ಎಲ್ಲಕ್ಕೂ ‘ನಮ್ಮ’ ಅನ್ನುತ್ತೇವೆ. ನಮ್ಮ ಬಸ್ಸು, ನಮ್ಮ ಡಾಕ್ಟ್ರು, ನಮ್ಮ ಮಳೆ. ಆ ಎರಡಕ್ಷರ ಹಿಡಿದುಕೊಂಡು ಯಾರಾದರೂ ಕೇಸು ಹಾಕಬಹುದು ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ನಾಲ್ಕು ದಿನಕ್ಕೆ ಆ ವಿಡಿಯೋ ಎಲ್ಲಿಂದೆಲ್ಲಿಗೋ ಹೋಗಿ ನಮ್ಮ ಫೋನಿಗೇ ವಾಪಸು ಬಂತು. ಮೇಲೆ ಕೆಂಪು ಅಕ್ಷರದಲ್ಲಿ ಯಾರೋ ಬರೆದಿದ್ದರು: ‘ರಾಷ್ಟ್ರಲಾಂಛನದಲ್ಲಿ ಆನೆ ಸೇರಿಸಿದ ಚನ್ನಪಟ್ಟಣದ ರಸೂಲ್. ನಮ್ಮ ಆನೆ ಅಂದರೆ ಯಾರ ಆನೆ?’ ಕೆಳಗೆ ನೂರಾರು ಜನ. ಆನೆ ಒಂದು ಪಾರ್ಟಿಯ ಗುರುತು, ಎಲೆಕ್ಷನ್ ಹತ್ತಿರ ಬಂದಿದೆ, ಬೇಕೆಂದೇ ಮಾಡಿದ್ದು ಅಂತ ಒಬ್ಬ. ಇವರಿಗೆ ದೇಶದ ಮುದ್ರೆ ಆಟದ ಸಾಮಾನು ಅಂತ ಇನ್ನೊಬ್ಬ. ಕೆಲವರು ನಮ್ಮ ಬೀದಿಯ ಹೆಸರನ್ನೂ ಹಾಕಿದ್ದರು. ಅದನ್ನು ಓದಿದವಳೇ ಎದ್ದು ಬೀದಿ ಬಾಗಿಲು ಹಾಕಿದೆ. ಇವರು ಓದಿ ಹೇಳು ಅಂದರು. ನಾನು ಅರ್ಧ ಓದಿ, ಅರ್ಧ ನುಂಗಿದೆ.

ಗುರುವಾರ ಮಧ್ಯಾಹ್ನ ಪೊಲೀಸ್ ಸ್ಟೇಷನ್ನಿನಿಂದ ಫೋನು. “ಶನಿವಾರ ಹತ್ತು ಗಂಟೆಗೆ ಬನ್ನಿ. ಅಷ್ಟೂ ಪೀಸ್ ತಗೊಂಡ್ ಬನ್ನಿ.” ಅಷ್ಟೇ ಹೇಳಿ ಇಟ್ಟರು. ಬೈದಿದ್ದರೆ ಒಂದು ಲೆಕ್ಕ. ಬೈಯಲೂ ಇಲ್ಲ, ಯಾಕೆ ಅಂತ ಹೇಳಲೂ ಇಲ್ಲ. ಹೇಳದೆ ಬಿಟ್ಟ ಜಾಗವನ್ನೆಲ್ಲ ನಾನೇ ತುಂಬಿಕೊಂಡೆ. ಲಾಕಪ್ಪು, ವಕೀಲ, ಟೀವಿಯವರ ಮೈಕು, ಸಕ್ಕರೆ ಕಾಯಿಲೆಯ ನನ್ನ ಗಂಡನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು ಯಾರು ಎಂಬುದು. ಆರ್ಡರು ಕೊಟ್ಟ ಕಚೇರಿಯ ಗುಮಾಸ್ತನಿಗೆ ಫೋನು ಮಾಡಿದೆ. “ಚಿತ್ರದಲ್ಲಿರೋ ಹಂಗೇ ಮಾಡಿ ಅಂತ ಬರವಣಿಗೇಲಿ ಕೊಟ್ಟಿದ್ವಲ್ಲಮ್ಮ. ಚಿತ್ರದಲ್ಲಿ ಆನೆ ಐತಾ?” ಅಂದ. ಆಮೇಲೆ ಎತ್ತಲೇ ಇಲ್ಲ.

ಬೀರು ತೆಗೆದು ಪತ್ರ ನೋಡಿದೆ. ಚಿತ್ರದಲ್ಲಿರುವಂತೆಯೇ. ಆ ಕೊನೆಯ ‘ಯೇ’ ನನ್ನನ್ನೇ ನೋಡುತ್ತಿತ್ತು.

ಸಂಜೆ ಮೇಷ್ಟ್ರ ಮನೆಗೆ ಓಡಿದೆ. ಶನಿವಾರ ಬಂದು ಒಂದು ಮಾತು ಹೇಳಿ ಅಂತ ಕೈಮುಗಿದೆ. ಅವರು ಬಾಗಿಲು ಅರ್ಧ ಮುಂದಕ್ಕೆ ತಳ್ಳಿಕೊಂಡೇ ಮಾತಾಡಿದರು. “ನಾನ್ ಹೇಳಿದ್ದು ಸುಳ್ಳಲ್ಲ ಕಣಮ್ಮ. ಕಲ್ಲಲ್ಲಿ ಆನೆ ಐತೆ. ಆದ್ರೆ ನನ್ನ ಹೆಸ್ರು ಮಾತ್ರ ಎತ್ಬೇಡಿ. ಪೆನ್ಷನ್ ತಗೊಳ್ಳೋನು, ಸೊಸೆ ಬೇರೆ ಸರ್ಕಾರಿ ಕೆಲ್ಸದಲ್ಲವ್ಳೆ.” ಕಣ್ಣು ನೆಲ ನೋಡುತ್ತಿತ್ತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಭಯ ಇನ್ನೂ ಜಾಸ್ತಿಯಾಯಿತು. ಕಣ್ಣಾರೆ ಕಂಡವರೇ ಹೆದರಿದರೆ, ಕಾಣದವರು ನಾವೇನು ಮಾಡಬೇಕು?

ಅಸ್ರಾ ಮಾಗಡಿಯಿಂದ ಫೋನು ಮಾಡಿ, “ಅಮ್ಮಿ, ನಾನೂ ಹುಡುಕಿ ನೋಡಿದೆ. ಆನೆ ಇರೋದು ಸರಿ. ಅಬ್ಬಾ ಮಾಡಿದ್ದೇ ಸರಿ. ಸುಮ್ಮನೆ ಹೋಗಿ ತೋರಿಸಿ” ಅಂದಳು.

“ಸರಿ ಅಂತ ನಮಗೆ ಗೊತ್ತಿದ್ದರೆ ಸಾಕಾಗುತ್ತಾ ಮಗಳೇ? ಅವರಿಗೆ ಗೊತ್ತಿರಬೇಕಲ್ಲ” ಅಂದೆ.

ಗಂಡನಿಗೆ ಹೇಳಿದೆ: “ಆನೆ ತೆಗೆದುಬಿಡಿ. ಚಿತ್ರದಲ್ಲಿ ಇಲ್ಲ, ನಮ್ಮದರಲ್ಲೂ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.”

ಅವರು ಲೇತ್ ನಿಲ್ಲಿಸಿದರು. “ಇರೋದನ್ನು ಇಲ್ಲ ಅಂತ ಹೇಗೆ ಮಾಡಲಿ?” ಅಂದರು. ಜಗಳವಾಡಿದೆ, ಕಣ್ಣೀರು ಹಾಕಿದೆ. ಅವರು ಮತ್ತೆ ಲೇತ್ ಹಾಕಿದರು. ಅದರ ಸದ್ದಿನಲ್ಲಿ ನನ್ನ ಅಳು ನನಗೇ ಕೇಳಿಸಲಿಲ್ಲ.

ಶುಕ್ರವಾರ ಅವರು ಜುಮ್ಮಾ ನಮಾಜಿಗೆ ಹೋದರು. ಬಾಗಿಲ ಚಿಲಕ ಹಾಕಿ ನಾನು ಸಣ್ಣ ಉಳಿ ತೆಗೆದುಕೊಂಡೆ.

ಉಳಿ ನನ್ನ ಕೈಯ ಸಾಮಾನಲ್ಲ. ಪಕ್ಕದ ಸಿಂಹದ ಮಾತು ಯಾರೂ ಎತ್ತಿರಲಿಲ್ಲ, ಅದನ್ನು ಮುಟ್ಟಲಿಲ್ಲ. ಮೊದಲನೆಯ ಆನೆ ಸೊಂಡಿಲಿನಿಂದ ಹೋಯಿತು. ಆಮೇಲೆ ತಲೆ, ಬೆನ್ನು. ಕಾಲುಗಳು ಪಟ್ಟಿಗೆ ಗಟ್ಟಿಯಾಗಿ ಕೂತಿದ್ದವು. ಅವನ್ನು ಕೆರೆದು ಕೆರೆದು ತೆಗೆಯಬೇಕಾಯಿತು. ಬೀದಿಯಲ್ಲಿ ಸ್ಕೂಟರ್ ನಿಂತ ಸದ್ದಾದರೆ ಕೈ ಜಾರುತ್ತಿತ್ತು. ಎಂಟನೆಯದಕ್ಕೆ ಬೆರಳು ಕುಯ್ದುಕೊಂಡೆ, ಸೆರಗಿಗೆ ಒರೆಸಿ ಮುಂದುವರಿಸಿದೆ. ಯಾ ಅಲ್ಲಾ, ಇದೊಂದು ಸಲ ಕಾಪಾಡು ಅಂತ ಬಾಯಿ ಹೇಳುತ್ತಿತ್ತು, ಕೈ ಕೆರೆಯುತ್ತಿತ್ತು. ಹೊಳೆಯುವ ಅರಗಿನ ನಡುವೆ ಹಸಿ ಮರದ ಬಿಳಿ ಮಚ್ಚೆ, ಒಂದರ ಹಿಂದೆ ಒಂದು, ಇಪ್ಪತ್ತು. ಕೆಳಗೆ ನಾನೇ ಬರೆದ ಅಕ್ಷರ ಹಾಗೇ ಇತ್ತು.

ಅವರು ಬಂದರು. ಒಂದನ್ನು ಎತ್ತಿಕೊಂಡರು, ಚಾಳಿಯಂತೆ ತಿರುಗಿಸಿ ಬೆನ್ನು ನೋಡಿದರು. ಎರಡನೆಯದನ್ನು ನೋಡಲಿಲ್ಲ. ಬಯ್ಯುತ್ತಾರೆ ಅಂತ ಕಾದೆ. ಅವರು ನನ್ನ ಕೈಯಿಂದ ಪೊರಕೆ ತೆಗೆದುಕೊಂಡು ನೆಲದ ಮೇಲಿದ್ದ ಸೊಂಡಿಲು, ಕಾಲು, ಚೂರುಗಳನ್ನೆಲ್ಲ ಗುಡಿಸಿ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿದರು. ನನ್ನ ಬೆರಳಿಗೆ ಬಟ್ಟೆ ಕಟ್ಟಿದರು. ಬೈದಿದ್ದರೆ ಚೆನ್ನಾಗಿತ್ತು.

ಶನಿವಾರ ಗೋಣಿಚೀಲದಲ್ಲಿ ಇಪ್ಪತ್ತನ್ನೂ ಹಳೇ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ಆಟೋದವನು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದಾನೆ ಅನ್ನಿಸಿತು. ಅವನು ನೋಡುತ್ತಿದ್ದದ್ದು ಹಿಂದಿನ ಬಸ್ಸನ್ನು ಇರಬೇಕು.

ಸ್ಟೇಷನ್ನಿನಲ್ಲಿ ಎಸ್ಸೈ ಒಬ್ಬ ಹೆಣ್ಣುಮಗಳು. ಎದೆಯ ಮೇಲೆ ಶ್ವೇತ ಅಂತ ಹೆಸರು, ನಮ್ಮ ಅಸ್ರಾಳ ವಯಸ್ಸು. ಎದುರಿನ ಬೆಂಚಿನಲ್ಲಿ ಬಿಳಿ ಪಂಚೆಯ ಒಬ್ಬ ಹಿರಿಯರು ಕೂತಿದ್ದರು. ನಮ್ಮ ಮೇಲೆ ದೂರಿನ ಅರ್ಜಿ ಕೊಟ್ಟವರು ಅವರೇ, ಬೈರಮಂಗಲದ ಕಡೆಯ ಬೋರಲಿಂಗಯ್ಯ. ರಾಕ್ಷಸನಂತೆ ಇರುತ್ತಾರೆ ಅಂದುಕೊಂಡಿದ್ದೆ. ನೋಡಿದರೆ ನಮ್ಮ ಮಾವನವರ ಹಾಗೆ ಕಿವಿ ತುಂಬ ಕೂದಲಿನ, ಗಂಭೀರ ಮನುಷ್ಯ. ಕೈಯಲ್ಲಿ ಹತ್ತು ರೂಪಾಯಿಯ ನೋಟು ಹಿಡಿದು ಬಂದಿದ್ದರು.

“ನೋಡಿ ಮೇಡಂ, ನೋಟಲ್ಲಿ ಕುದ್ರೆ ಐತೆ, ಬಸವ ಐತೆ. ಆನೆ ಎಲ್ಲೈತೆ? ನಂಗೇನ್ ಇವರ ಮೇಲೆ ದ್ವೇಸ ಇಲ್ಲ. ದೇಸದ ಮುದ್ರೆ ತಿದ್ದಬಾರ್ದು, ಅಷ್ಟೇಯ.”

ಎಸ್ಸೈ ಕಂಪ್ಯೂಟರನ್ನು ನಮ್ಮೆಲ್ಲರ ಕಡೆ ತಿರುಗಿಸಿದರು. “ನೀವು ನೋಡಿದ್ದು ಮುಂಭಾಗ ಬೋರಲಿಂಗಯ್ಯನವರೇ. ಇದು ಸಾರನಾಥದ ಮೂಲ ಕಲ್ಲು, ಇದರ ಹಿಂಭಾಗ ನೋಡಿ.” ತೆರೆಯ ಮೇಲೆ ಕಲ್ಲಿನ ಆನೆ ನಡೆಯುತ್ತಿತ್ತು. ಸೊಂಡಿಲು ಕೆಳಗೆ, ಕಾಲು ಮುಂದೆ. “ಇವರು ಮಾಡಿರೋದು ಸರಿಯಾಗೇ ಇದೆ. ಅದನ್ನು ನಿಮಗೆ ಕೈಯಲ್ಲಿ ಕೊಟ್ಟೇ ತೋರಿಸಿ ಅರ್ಜಿ ಮುಗಿಸೋಣ ಅಂತ ಇವರನ್ನು ಕರೆಸಿದೆ. ರಸೂಲ್ ಅವ್ರೇ, ಒಂದು ಪೀಸ್ ಕೊಡಿ.”

ನನಗೆ ಓಡಿಹೋಗಬೇಕು ಅನ್ನಿಸಿತು. ಇವರು ಬಗ್ಗಿ, ಚೀಲದಿಂದ ಒಂದನ್ನು ತೆಗೆದು, ಸೀರೆ ಬಿಡಿಸಿ ಮೇಜಿನ ಮೇಲಿಟ್ಟರು.

ಎಸ್ಸೈ ತಿರುಗಿಸಿದರು. ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು, ಕೊನೆಗೆ ಎಲ್ಲವನ್ನೂ ತೆಗೆಸಿದರು. ಮೇಜಿನ ಮೇಲೆ ಬಿಳಿ ಮಚ್ಚೆಗಳ ಸಾಲು.

“ಆನೆ ಎಲ್ಲಿ?”

ಬೋರಲಿಂಗಯ್ಯ ಎದ್ದು ಬಂದು ಕನ್ನಡಕ ಏರಿಸಿ ನೋಡಿದರು. “ಅಲ್ಲ ಮೇಡಂ, ಸರಿಯಾಗಿದ್ರೆ ಯಾಕ್ ಕೆರೆದವ್ರೆ? ಕುಂಬ್ಳಕಾಯಿ ಕಳ್ಳ ಅಂದ್ರೆ ಹೆಗ್ಲು ಮುಟ್ಟಿ ನೋಡ್ಕೊಂಡಂಗಾಯ್ತಲ್ಲ!” ಅಂದವರೇ ಜೇಬಿನಿಂದ ಫೋನು ತೆಗೆದು ಆ ಸಾಲಿನ ಫೋಟೋ ಹೊಡೆದುಕೊಂಡರು. ಎಸ್ಸೈ ಬೇಡ ಅನ್ನುವಷ್ಟರಲ್ಲಿ ಎರಡು ಆಗಿತ್ತು.

“ರಸೂಲ್ ಅವ್ರೇ,” ಈಗ ಎಸ್ಸೈ ದನಿ ಬೇರೆಯಾಗಿತ್ತು. “ಆನೆ ಇದ್ದಿದ್ರೆ ನನಗೆ ಕೆಲಸವೇ ಇರಲಿಲ್ಲ. ಈಗ ರಾಷ್ಟ್ರಲಾಂಛನ ಕೆರೆದು ಹಾಳುಮಾಡಿರೋ ಇಪ್ಪತ್ತು ಪೀಸ್ ನನ್ನ ಮೇಜಿನ ಮೇಲೆ ಇದೆ. ಯಾರು ಮಾಡಿದ್ದು?”

“ನಾನೇ ಮೇಡಂ,” ಅಂದರು ನನ್ನ ಗಂಡ.

ಅವರ ಬಾಯಲ್ಲಿ ನಾನು ಕೇಳಿದ ಮೊದಲನೇ ಸುಳ್ಳು ಅದು. ಎಸ್ಸೈ ತಲೆಯ ಮೇಲೆ ಗೋಡೆಯಲ್ಲಿ ದೊಡ್ಡ ಲಾಂಛನ ಇತ್ತು, ಅದರ ಕೆಳಗೆ ನಾನು ಇಪ್ಪತ್ತು ಸಲ ಬರೆದ ಅದೇ ಗೆರೆಗಳು.

ಎಸ್ಸೈ ಒಂದು ಸ್ತಂಭವನ್ನು ಬೆಳಕಿಗೆ ಹಿಡಿದರು. ಮುಂದಿನ ಕುದುರೆಯ ಕೇಸರ ನೋಡಿದರು, ಹಿಂದಿನ ಗೀರು ನೋಡಿದರು. ಆಮೇಲೆ ನನ್ನ ಬೆರಳಿಗೆ ಕಟ್ಟಿದ್ದ ಬಟ್ಟೆ ನೋಡಿದರು. ಹೇಳದಿದ್ದರೆ ನನ್ನ ಗಂಡ ಜೈಲಿಗೆ ಹೋಗುತ್ತಾರೆ, ಹೇಳಿದರೆ ನಾನು.

“ನಾನು ಕೆರೆದದ್ದು ಮೇಡಂ. ಇವರು ಮಸೀದಿಗೆ ಹೋಗಿದ್ರು. ಇವರು ಬೇಡ ಅಂದಿದ್ರು.”

“ಆನೆ ಇರೋದು ಸರಿ ಅಂತ ನಿಮಗೆ ಗೊತ್ತಿತ್ತಾ ಅಮ್ಮ?”

“ಗೊತ್ತಿತ್ತು.”

“ಮತ್ತೆ?”

“ಹೆದರಿಕೆ ಆಯ್ತು ಮೇಡಂ.”

“ಯಾರ ಹೆದರಿಕೆ?”

ಅವರ ಖಾಕಿ ಬಟ್ಟೆ ನೋಡಿದೆ. ಬೋರಲಿಂಗಯ್ಯನವರ ಕೈಯ ಫೋನು ನೋಡಿದೆ. ಯಾರ ಕಡೆಗೂ ಬೆರಳು ತೋರಿಸುವ ಧೈರ್ಯ ನನಗಿರಲಿಲ್ಲ. ಪೆನ್ನು ಹಿಡಿದಿದ್ದ ಎಸ್ಸೈ ಆ ಪ್ರಶ್ನೆಯ ಮುಂದೆ ಏನೂ ಬರೆಯದೆ ಕಾಗದ ಮಡಚಿದರು.

“ಒಂದು ಕೆಲಸ ಮಾಡಿ,” ಅಂದರು ನನ್ನ ಗಂಡನಿಗೆ. “ಆನೆಗಳನ್ನು ಮತ್ತೆ ಅಂಟಿಸಿ ತಂದು ತೋರಿಸಿ. ನಾನು ಮೇಲಿನವರಿಗೆ ಹೇಳಿ ಇದನ್ನು ಇಲ್ಲಿಗೇ ಮುಗಿಸ್ತೀನಿ.”

ಪ್ರಾಣ ಬಂದ ಹಾಗಾಯಿತು. ನಾನು ಹೂಂ ಹೂಂ ಅಂತ ತಲೆ ಆಡಿಸುತ್ತಿದ್ದೆ. ಅಷ್ಟರಲ್ಲಿ ಇವರು ಬಾಯಿ ತೆರೆದರು.

“ಆಗಲ್ಲ ಮೇಡಂ. ಸಿಂಹ, ಕುದುರೆ, ಆನೆ ಎಲ್ಲಾ ಒಂದೇ ಮರದಲ್ಲಿ ಬಂದಿದ್ದವು. ಅಂಟು ಹಾಕಿದ್ರೆ ಅದು ಅಂಟಿಸಿದ ಆನೆ ಅಷ್ಟೇ.” ಬಹಳ ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದರು. “ಹೊಸದು ಮಾಡು ಅಂದ್ರೆ ಮಾಡ್ತೀನಿ. ಇದು ಸರಿಯಾಯ್ತು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ.”

ಹೊಸದು ಮಾಡಲು ಯಾರೂ ಹೇಳಲಿಲ್ಲ. ಕಚೇರಿಯವರು ಸನ್ಮಾನಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಾಕು ಅಂದರಂತೆ. ಹತ್ತೊಂಬತ್ತು ಸ್ತಂಭ ಸ್ಟೇಷನ್ನಿನಲ್ಲಿ ಉಳಿದವು. ಕರೆದಾಗ ಬರಬೇಕು ಅಂತ ನನ್ನಿಂದ ಸಹಿ ಹಾಕಿಸಿಕೊಂಡರು. ಬೋರಲಿಂಗಯ್ಯನವರು ಹೊಡೆದ ಫೋಟೋ ‘ತಪ್ಪೊಪ್ಪಿಕೊಂಡರು’ ಅನ್ನುವ ತಲೆಬರಹದೊಂದಿಗೆ ಇನ್ನೂ ತಿರುಗುತ್ತಿದೆ. ಕಲ್ಲಿನ ಆನೆಯ ಫೋಟೋವನ್ನು ಅಸ್ರಾ ಹಾಕಿದಳು. ಹತ್ತು ಜನ ನೋಡಿದರು. ಈಗಲೂ ಫೋನು ರಿಂಗಾದರೆ ನಂಬರು ನೋಡದೆ ಎತ್ತುವುದಿಲ್ಲ. ಮೇಷ್ಟ್ರು ದಾರಿಯಲ್ಲಿ ಸಿಕ್ಕರೆ ಅವರೂ ನಾನೂ ಬೇರೆ ಬೇರೆ ಅಂಗಡಿ ನೋಡುತ್ತೇವೆ.

ಒಂದನ್ನು ಎಸ್ಸೈ ಏನೆನ್ನಿಸಿತೋ ನಮಗೇ ವಾಪಸು ಕೊಟ್ಟಿದ್ದರು. ಅದನ್ನು ಇವರು ಲೇತಿನ ಮೇಲಿನ ಹಲಗೆಯಲ್ಲಿ, ಬಿಸ್ಕತ್ತಿನ ಡಬ್ಬಿಯ ಪಕ್ಕ ಇಟ್ಟಿದ್ದಾರೆ. ಮುಂಭಾಗ ಗೋಡೆಗೆ, ಬಿಳಿ ಮಚ್ಚೆ ನಮ್ಮ ಕಡೆಗೆ. ನನ್ನನ್ನು ಚುಚ್ಚಲು ಇಟ್ಟದ್ದಲ್ಲ, ನನಗೆ ಗೊತ್ತು. ಅವರು ಯಾವಾಗಲೂ ನೋಡುವುದು ಆ ಭಾಗವನ್ನೇ. ದಿನಾ ಬೆಳಗ್ಗೆ ದೂಳು ಒರೆಸುವಾಗ ತಿರುಗಿಸಿ ಇಡಬೇಕು ಅಂದುಕೊಳ್ಳುತ್ತೇನೆ. ಬಟ್ಟೆ ಆ ಜಾಗಕ್ಕೆ ಬಂದಾಗ ಹಸಿ ಮರದ ಸಿಬಿರು ಬೆರಳಿಗೆ ತಾಗುತ್ತದೆ. ಇದ್ದ ಹಾಗೇ ಇಟ್ಟು ಬರುತ್ತೇನೆ.